ಕತ್ತಿ ಹಿಡಿದ ಯತಿ: ಕಳಿಂಗದ ನರಹರಿ ತೀರ್ಥರು

ಹೋದ ತಿಂಗಳು ಒಂದು ಶುಕ್ರವಾರ ಸಂಜೆ ಅಲ್ ಅಜೀಜಿಯಾದ ಮಿತ್ರರೊಬ್ಬರ ಮನೆಯಲ್ಲಿ ನಾವು ಏಳೆಂಟು ಜನ ಕಾಫಿಗೆ ಸೇರಿದ್ದೆವು. ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ಕಾವಿ ಮತ್ತು ಕುರ್ಚಿಯ ಸಂಬಂಧದ ಕಡೆ ತಿರುಗಿತು. ಸನ್ಯಾಸಿಯಾದವನು ರಾಜ್ಯಭಾರಕ್ಕೆ ಕೈಹಾಕಬಹುದೇ? ಹಿರಿಯರೊಬ್ಬರು ಖಡಾಖಂಡಿತವಾಗಿ, "ಅದೆಲ್ಲ ಯುರೋಪಿನ ಪದ್ಧತಿ ಕಣ್ರೀ ಡಾಕ್ಟ್ರೇ, ಬಿಷಪ್ಪೇ ಮಂತ್ರಿ, ಮಂತ್ರಿಯೇ ಬಿಷಪ್ಪು. ನಮ್ಮಲ್ಲಿ ಯತಿಗಳು ಆಶೀರ್ವಾದ ಮಾಡಿ ಪಕ್ಕಕ್ಕೆ ಸರಿಯುತ್ತಿದ್ದರು" ಎಂದರು. ನಾನು ನರಹರಿ ತೀರ್ಥರ ಹೆಸರು ಹೇಳಿದೆ. ಇಬ್ಬರಿಗೆ ಆ ಹೆಸರು ಗುರುಪರಂಪರೆಯ ಶ್ಲೋಕದಿಂದ ಗೊತ್ತಿತ್ತು. ಅವರು ರಾಜ್ಯವಾಳಿದ ಸಂಗತಿ ಗೊತ್ತಿರಲಿಲ್ಲ. ನಮ್ಮ ಸಂಪಾದಕರು ಅಲ್ಲಿಯೇ ಕೂತಿದ್ದದ್ದು ನನ್ನ ಗ್ರಹಚಾರ. "ಬರೆದುಕೊಡಿ" ಎಂದರು. ವೃತ್ತಿಯಿಂದ ನಾನು ವೈದ್ಯ, ಇತಿಹಾಸ ನನಗೆ ಬಿಡುವಿನ ಹವ್ಯಾಸ. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕಾಗಿ ವಿನಂತಿ.

ಮೊದಲು ಆ ಯುರೋಪಿನ ಪದ್ಧತಿ ಏನೆಂದು ನೋಡೋಣ. ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಷಪ್ ಒಬ್ಬರು ಮಂತ್ರಿಯಾಗುವುದು ವಿಶೇಷವೇ ಅಲ್ಲ. ಲ್ಯಾಟಿನ್ ಓದು ಬರಹ ಬಲ್ಲವರು ಬಹುಮಟ್ಟಿಗೆ ಚರ್ಚಿನವರೇ. ರಾಜನಿಗೆ ಇದರಲ್ಲಿ ಇನ್ನೂ ಎರಡು ಲಾಭಗಳಿದ್ದವು. ಮಂತ್ರಿಗೆ ತನ್ನ ಬೊಕ್ಕಸದಿಂದ ಸಂಬಳ ಕೊಡಬೇಕಾಗಿರಲಿಲ್ಲ. ಖಾಲಿ ಬಿದ್ದ ಬಿಷಪ್ ಪೀಠವೊಂದನ್ನು ಕೊಡಿಸಿದರೆ ಅದರ ಜಮೀನುಗಳ ಉತ್ಪತ್ತಿಯೇ ಸಂಬಳ. ಜೊತೆಗೆ ಪಾದ್ರಿಗೆ ಮದುವೆಯಿಲ್ಲ, ಆದ್ದರಿಂದ ಅಧಿಕಾರ ಅಪ್ಪನಿಂದ ಮಗನಿಗೆ ಇಳಿಯುವ ಭಯವಿಲ್ಲ. ಕನಿಷ್ಠಪಕ್ಷ ಕಾಗದದ ಮೇಲೆ ಇಲ್ಲ!

ನರಹರಿ ತೀರ್ಥರ ಸಮಕಾಲೀನನಾದ ರಾಬರ್ಟ್ ಬರ್ನೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಶ್ರಾಪ್‌ಶೈರಿನ ಆಕ್ಟನ್ ಬರ್ನೆಲ್ ಎಂಬ ಹಳ್ಳಿಯವನು. ಯುವರಾಜ ಎಡ್ವರ್ಡನ ಮನೆಯಲ್ಲಿ ಬರೆಯುವ ಗುಮಾಸ್ತನಾಗಿ ಸೇರಿದ. ಎಡ್ವರ್ಡ್ 1270ರಲ್ಲಿ ಧರ್ಮಯುದ್ಧಕ್ಕೆ ಹೊರಟಾಗ ಊರಿನ ವ್ಯವಹಾರ ನೋಡಿಕೊಳ್ಳಲು ಬಿಟ್ಟುಹೋದವರಲ್ಲಿ ಇವನೂ ಒಬ್ಬ. 1272ರಲ್ಲಿ ಹಳೆಯ ರಾಜ ಮೂರನೆಯ ಹೆನ್ರಿ ತೀರಿಕೊಂಡ. ಹೊಸ ರಾಜ ಹಿಂದಿರುಗಿದ್ದು 1274ರ ಆಗಸ್ಟಿನಲ್ಲಿ. ಸುಮಾರು ಎರಡು ವರ್ಷ ಸಿಂಹಾಸನದಲ್ಲಿ ಯಾರೂ ಇಲ್ಲದಿದ್ದರೂ ರಾಜ್ಯ ಅಲುಗಾಡಲಿಲ್ಲ. ಎಡ್ವರ್ಡ್ ಬಂದ ಮರುತಿಂಗಳೇ ಬರ್ನೆಲ್ ಚಾನ್ಸೆಲರ್ ಆದ. ಮರುವರ್ಷ ಬಾತ್ ಮತ್ತು ವೆಲ್ಸ್‌ನ ಬಿಷಪ್ ಆದ. 1292ರಲ್ಲಿ ಸಾಯುವವರೆಗೆ ರಾಜಮುದ್ರೆ ಅವನ ಕೈಯಲ್ಲೇ ಇತ್ತು.

ಆಸ್ಪತ್ರೆಯ ರೆಸಿಡೆಂಟ್ ಆಗಿ ಇಂಗ್ಲೆಂಡಿನಲ್ಲಿದ್ದ ದಿನಗಳಲ್ಲಿ ಒಂದು ಭಾನುವಾರ ನಾನು ಈ ಆಕ್ಟನ್ ಬರ್ನೆಲ್‌ಗೆ ಹೋಗಿದ್ದೆ. ಶ್ರೂಸ್‌ಬರಿಯಿಂದ ದೂರವೇನಿಲ್ಲ. ಕೆಂಪು ಮರಳುಗಲ್ಲಿನ ಅವನ ಮನೆ ಇಂದು ಛಾವಣಿಯಿಲ್ಲದ ಗೋಡೆಗಳಷ್ಟೇ. ಪಕ್ಕದಲ್ಲಿ ಒಂದು ಹಳೆಯ ಕಟ್ಟಡದ ಎರಡು ತ್ರಿಕೋನ ಗೋಡೆಗಳು ಒಂಟಿಯಾಗಿ ನಿಂತಿವೆ. 1283ರಲ್ಲಿ ರಾಜ ಇಲ್ಲಿಗೆ ಬಂದು ಪಾರ್ಲಿಮೆಂಟು ನಡೆಸಿ, ವರ್ತಕರಿಗೆ ಸಾಲ ವಸೂಲಿಗೆ ಅನುಕೂಲವಾಗುವ ಕಾನೂನೊಂದನ್ನು ಮಾಡಿದ. ಅದಕ್ಕೆ ಈ ಹಳ್ಳಿಯದೇ ಹೆಸರು. ನಮ್ಮಲ್ಲಿ ಮಂತ್ರಿಗಳು ತಮ್ಮ ಊರಿಗೆ ರೈಲು ತರಿಸಿಕೊಂಡಂತೆ ಇವನು ಪಾರ್ಲಿಮೆಂಟನ್ನೇ ತರಿಸಿಕೊಂಡ.

ಬರ್ನೆಲ್ ಸಮರ್ಥ. ಎಡ್ವರ್ಡನ ಕಾಲದ ದೊಡ್ಡ ಕಾನೂನುಗಳ ಹಿಂದೆ ಅವನ ಕೈಯಿದೆ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಆದರೆ ರಾಜ ಅವನನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಾಡಲು ಹೊರಟಾಗ ಪೋಪ್ ಒಪ್ಪಲಿಲ್ಲ. 1278ರ ಆ ಆಯ್ಕೆಯನ್ನು ತಳ್ಳಿಹಾಕಿ ಜಾನ್ ಪೆಕಮ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ಕಳಿಸಿದರು. ಮುಂದೆ ವಿಂಚೆಸ್ಟರ್ ಪೀಠಕ್ಕೂ ಅದೇ ಗತಿ. ಅವನಿಗೊಬ್ಬಳು ಉಪಪತ್ನಿ, ಮಕ್ಕಳು ಇದ್ದಾರೆಂಬ ಮಾತು ಊರಲ್ಲೆಲ್ಲ ಇತ್ತು. ಸತ್ತಾಗ ಎಂಬತ್ತರಷ್ಟು ಊರುಗಳ ಜಮೀನ್ದಾರಿ ಅವನ ಹೆಸರಿನಲ್ಲಿತ್ತು. ಬಿಷಪ್ ಆಗಿ ಬಡತನದ ವ್ರತ ಹಿಡಿದವನೇನಲ್ಲ, ನಿಜ. ಆದರೂ ಧರ್ಮಪೀಠದಿಂದ ಅಧಿಕಾರಕ್ಕೆ ಹೋದವನು ಕೊನೆಗೆ ಏನನ್ನು ಕೂಡಿಟ್ಟ ಎಂಬ ಲೆಕ್ಕ ನಮ್ಮ ಕಥೆಗೆ ಬೇಕಾಗುತ್ತದೆ.

ಇನ್ನು ನಮ್ಮ ಕಡೆ. ಇಂಥ ಮಾತು ಬಂದಾಗ ಎಲ್ಲರಿಗೂ ತಟ್ಟನೆ ನೆನಪಾಗುವುದು ವಿದ್ಯಾರಣ್ಯರು. ಅಂದೂ ಹಾಗೇ ಆಯಿತು. ಆದರೆ ಅಲ್ಲಿ ತೊಡಕಿದೆ. ವಿಜಯನಗರದ ಮೊದಲ ಕಾಲದಲ್ಲಿ ಮಾಧವ ಎಂಬ ಹೆಸರಿನ ಇಬ್ಬರು ದೊಡ್ಡವರಿದ್ದರು. ಒಬ್ಬರು ಸಾಯಣರ ಅಣ್ಣ, ಭಾರದ್ವಾಜ ಗೋತ್ರದವರು. ಇವರೇ ಮುಂದೆ ವಿದ್ಯಾರಣ್ಯರಾದರೆಂಬುದು ಪರಂಪರೆ. ಇನ್ನೊಬ್ಬರು ಆಂಗೀರಸ ಗೋತ್ರದ ಮಾಧವಮಂತ್ರಿ, ಬನವಾಸಿ ಗೋವೆಗಳನ್ನಾಳಿದ ಶೂರರು, ಕಾಶೀವಿಲಾಸ ಕ್ರಿಯಾಶಕ್ತಿಗಳ ಶಿಷ್ಯರು. ಇಬ್ಬರ ಕೆಲಸಗಳೂ ಕಲಸಿಹೋಗಿವೆ. ಬಸವಣ್ಣನವರು ಬಿಜ್ಜಳನ ಭಂಡಾರಿ, ಚಾವುಂಡರಾಯ ಗಂಗರ ಮಂತ್ರಿ ಮತ್ತು ಸೇನಾಪತಿ. ಇಬ್ಬರೂ ಧರ್ಮಕ್ಕಾಗಿ ಬಾಳಿದವರು, ಆದರೆ ಸಂಸಾರಿಗಳು. ಸನ್ಯಾಸದ ಹೆಸರಿನಲ್ಲಿಯೇ ರಾಜ್ಯದ ಹೊಣೆ ಹೊತ್ತದ್ದಕ್ಕೆ ಅದೇ ಕಾಲದ ಕಲ್ಲಿನ ಸಾಕ್ಷಿ ಇರುವುದು ನರಹರಿ ತೀರ್ಥರಿಗೆ. ವಿಚಿತ್ರವೆಂದರೆ ಆ ಕಲ್ಲು ಕರ್ನಾಟಕದಲ್ಲಿಲ್ಲ.

ಮಠದ ಪರಂಪರೆ ಹೇಳುವುದು ಹೀಗೆ. ಆಚಾರ್ಯ ಮಧ್ವರು ಉತ್ತರದ ಯಾತ್ರೆ ಮುಗಿಸಿ ಗೋದಾವರಿಯ ಕಡೆಯಿಂದ ಹಿಂದಿರುಗುವಾಗ ಇಬ್ಬರು ದೊಡ್ಡ ವಿದ್ವಾಂಸರು ವಾದದಲ್ಲಿ ಸೋತು ಶಿಷ್ಯರಾದರು. ಶೋಭನಭಟ್ಟರು ಪದ್ಮನಾಭ ತೀರ್ಥರಾದರು. ಕಳಿಂಗದ ಶ್ಯಾಮಶಾಸ್ತ್ರಿಗಳು ನರಹರಿ ತೀರ್ಥರಾದರು. ನರಹರಿಗಳಿಗೆ ಗುರುಗಳ ಜೊತೆ ಉಡುಪಿಗೆ ಹೋಗಿ ಪಾಠ ಕೇಳುತ್ತ ಇರುವ ಆಸೆ. ಗುರುಗಳು ಒಪ್ಪಲಿಲ್ಲ. "ನೀನು ಕಳಿಂಗಕ್ಕೇ ಹಿಂದಿರುಗು, ಅಲ್ಲಿನ ರಾಜಭಂಡಾರದಲ್ಲಿ ಮೂಲರಾಮ, ಸೀತೆಯರ ಪ್ರತಿಮೆಗಳಿವೆ, ಸಮಯ ಬಂದಾಗ ತೆಗೆದುಕೊಂಡು ಬಾ" ಎಂಬರ್ಥದ ಆಜ್ಞೆಯಾಯಿತು. ಅಲ್ಲಿ ರಾಜ ತೀರಿಕೊಂಡಿದ್ದ, ಮಗ ಇನ್ನೂ ಹಸುಗೂಸು. ಯಾರು ಆಳಬೇಕೆಂದು ತಿಳಿಯದೆ ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರ ಕೊಟ್ಟು ಬಿಟ್ಟರಂತೆ. ಆನೆ ಬೀದಿಬೀದಿ ಸುತ್ತಿ ಬಂದು ಈ ಯತಿಯ ಕೊರಳಿಗೆ ಹಾರ ಹಾಕಿತು. ಹನ್ನೆರಡು ವರ್ಷ ರಾಜ್ಯವನ್ನು ಕಾಪಾಡಿ, ಹುಡುಗ ಬೆಳೆದ ಮೇಲೆ ಸಿಂಹಾಸನವನ್ನು ಅವನಿಗೊಪ್ಪಿಸಿ, ಪ್ರತಿಫಲವಾಗಿ ಆ ಎರಡು ಪ್ರತಿಮೆಗಳನ್ನಷ್ಟೇ ಬೇಡಿ ಪಡೆದು ಹೊರಟರು.

ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಈ ಆನೆಯ ಕಥೆ ಕೇಳಿದವನು ನಾನು. ಆಗ ಇದು ಬರೀ ಕಥೆಯೆಂದೇ ತಿಳಿದಿದ್ದೆ. ನಂತರ ಶ್ರೀಕೂರ್ಮದ ಶಾಸನದ ವಿಷಯ ಓದಿದಾಗ ಬೆಚ್ಚಿಬಿದ್ದೆ.

ಶ್ರೀಕೂರ್ಮವೆಂದರೆ ಈಗಿನ ಆಂಧ್ರಪ್ರದೇಶದ ಶ್ರೀಕಾಕುಳಂ ಪಟ್ಟಣಕ್ಕೆ ಸಮೀಪದ ಕ್ಷೇತ್ರ. ವಿಷ್ಣುವಿಗೆ ಆಮೆಯ ರೂಪದಲ್ಲಿ ಪೂಜೆ ನಡೆಯುವ ದೇವಸ್ಥಾನ ಬೇರೆಲ್ಲೂ ಅಷ್ಟಾಗಿ ಇಲ್ಲ. ಅಲ್ಲಿನ ಮಂಟಪದ ಕಪ್ಪು ಕಲ್ಲಿನ ಕಂಬಗಳ ತುಂಬ ಶಾಸನಗಳು. ಅದರಲ್ಲೊಂದು ಶಕವರ್ಷ 1203ರದು, ಅಂದರೆ ಕ್ರಿ.ಶ. 1281. ಸಂಸ್ಕೃತ ಪದ್ಯಗಳಲ್ಲಿದೆ. ಇದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಪ್ರಕಟಿಸಿದವರು ನಮ್ಮವರೇ ಆದ ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಶಾಸನ ಮೊದಲು ಪುರುಷೋತ್ತಮ ಮಹಾತೀರ್ಥರನ್ನು ಹೊಗಳುತ್ತದೆ. ಇವರು ಮಧ್ವರ ಗುರುಗಳಾದ ಅಚ್ಯುತಪ್ರೇಕ್ಷರೆಂದು ಗುರುತಿಸಲಾಗಿದೆ. ಆಮೇಲೆ ಆನಂದತೀರ್ಥರನ್ನು, ಅಂದರೆ ಮಧ್ವರನ್ನು, ಅವರ ಮಾತಿನ ಮಹಿಮೆಯನ್ನು ಹೊಗಳುತ್ತದೆ. ಬಳಿಕ ಅವರ ಶಿಷ್ಯ ನರಹರಿ ತೀರ್ಥರು. ಅವರು ಕಳಿಂಗದ ಜನರನ್ನು ಧರ್ಮದಿಂದ ಪಾಲಿಸುತ್ತಿದ್ದಾರೆ. ಕತ್ತಿ ಹಿಡಿದು ಶ್ರೀಕೂರ್ಮ ಕ್ಷೇತ್ರವನ್ನು ಶಬರರ ಹಾವಳಿಯಿಂದ ಕಾಪಾಡಿದ್ದಾರೆ. ಕೂರ್ಮನಾಥನ ಎದುರಿಗೆ ಯೋಗಾನಂದ ನೃಸಿಂಹನಿಗೆ ಗುಡಿ ಕಟ್ಟಿಸಿದ್ದಾರೆ. ಇದು ಸಾರಾಂಶ.

ಇದು ಶಿಷ್ಯರು ಇನ್ನೂರು ವರ್ಷಗಳ ನಂತರ ಬರೆದದ್ದಲ್ಲ, ಅವರು ಅಲ್ಲಿ ಅಧಿಕಾರದಲ್ಲಿದ್ದಾಗಲೇ ಕೆತ್ತಿಸಿದ್ದು. ಗುರುವಿನ ಭಾಷ್ಯ ಮತ್ತು ಶಿಷ್ಯನ ಕತ್ತಿ ಒಂದೇ ಕಂಬದ ಮೇಲೆ, ಒಂದೇ ಉಸಿರಿನಲ್ಲಿ. ಬರೆಯಿಸಿದವರಿಗೆ ಅದರಲ್ಲಿ ಏನೂ ಮುಜುಗರ ಕಾಣಲಿಲ್ಲ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಸಂಗತಿ. ಬರ್ನೆಲ್ ಬಿಷಪ್ ಆಗಿ ಒಂದು, ಚಾನ್ಸೆಲರ್ ಆಗಿ ಒಂದು ಎಂದು ಎರಡು ಜೀವನ ನಡೆಸಿದ. ಇಲ್ಲಿ ಹಾಗಿಲ್ಲ.

ನಮ್ಮ ವೃತ್ತಿಯಲ್ಲಿ ರೋಗಿ ಹೇಳುವ ಕಥೆ ಒಂದು, ಎಕ್ಸ್‌ರೇ ತೋರಿಸುವುದು ಇನ್ನೊಂದು. ಒಳ್ಳೆಯ ವೈದ್ಯ ಎರಡನ್ನೂ ಬಿಡುವುದಿಲ್ಲ, ಎರಡನ್ನೂ ಪೂರ್ತಿ ನಂಬುವುದೂ ಇಲ್ಲ. ಹಾಗೆಯೇ ಇಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಆಗ ಕಳಿಂಗವನ್ನಾಳುತ್ತಿದ್ದವರು ಪೂರ್ವ ಗಂಗರು. ಕೋಣಾರ್ಕದ ಸೂರ್ಯ ದೇವಾಲಯ ಕಟ್ಟಿಸಿದ ಒಂದನೆಯ ನರಸಿಂಹದೇವ 1264ರ ಸುಮಾರಿಗೆ ತೀರಿಕೊಂಡ. ಮಗ ಒಂದನೆಯ ಭಾನುದೇವ ಹದಿನಾಲ್ಕು ಹದಿನೈದು ವರ್ಷ ಆಳಿದ. ಅವನ ನಂತರ 1279ರ ಹೊತ್ತಿಗೆ ಎರಡನೆಯ ನರಸಿಂಹದೇವ ಪಟ್ಟಕ್ಕೆ ಬಂದ. ಮಠದ ಕಥೆಯ ಹಸುಗೂಸು ರಾಜ ಇವನೇ ಇರಬೇಕೆಂದು ವಿದ್ವಾಂಸರ ಊಹೆ. ಅಲ್ಲಿಂದ ಹನ್ನೆರಡು ವರ್ಷ ಎಣಿಸಿದರೆ 1290ರ ಆಚೀಚೆ ಆಗುತ್ತದೆ. ಶ್ರೀಕೂರ್ಮ ಮತ್ತು ಸಿಂಹಾಚಲದ ಶಾಸನಗಳಲ್ಲಿ ನರಹರಿ ತೀರ್ಥರ ಹೆಸರು 1290ರ ದಶಕದವರೆಗೆ ಕಾಣಿಸಿಕೊಂಡು ಆಮೇಲೆ ನಿಂತುಹೋಗುತ್ತದೆ. ಅಷ್ಟರಮಟ್ಟಿಗೆ ಕಥೆ ಮತ್ತು ಕಲ್ಲು ಕೈಕುಲುಕುತ್ತವೆ.

ಆದರೆ ಅವರ ಹೆಸರು 1260ರ ದಶಕದಿಂದಲೇ ಸಿಗುತ್ತದೆ. ಅಂದರೆ ಹುಡುಗ ಪಟ್ಟಕ್ಕೆ ಬರುವುದಕ್ಕೆ ಮೊದಲೇ ಅವರು ಆ ಸೀಮೆಯಲ್ಲಿ ಹೆಸರುಳ್ಳವರು. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತ ಯತಿಗೆ ಆನೆ ಹಾರ ಹಾಕಿದ್ದಲ್ಲ. ಹಾರ ಬೀಳುವ ಮೊದಲೇ ಕಡತಗಳು ಅವರ ಕೈಯಲ್ಲಿದ್ದವು ಎಂದು ನನ್ನ ಅನಿಸಿಕೆ. ಇನ್ನೊಂದು ಮಾತು. ರಾಜಧಾನಿ ಇದ್ದದ್ದು ಬಹಳ ಉತ್ತರಕ್ಕೆ, ಈಗಿನ ಕಟಕ್‌ನಲ್ಲಿ. ಶ್ರೀಕೂರ್ಮ, ಸಿಂಹಾಚಲ ಎರಡೂ ರಾಜ್ಯದ ದಕ್ಷಿಣ ಭಾಗದವು. ಆದ್ದರಿಂದ ಇಡೀ ಸಾಮ್ರಾಜ್ಯಕ್ಕೆ ಅವರು ರಾಜಪ್ರತಿನಿಧಿಯಾಗಿದ್ದರೋ, ದಕ್ಷಿಣ ಕಳಿಂಗದ ಅಧಿಪತಿಯಾಗಿದ್ದರೋ ಎಂಬ ಪ್ರಶ್ನೆಗೆ ನಾನು ಎರಡನೆಯ ಕಡೆ ವಾಲುತ್ತೇನೆ. ಇದರಿಂದ ಅವರ ದೊಡ್ಡಸ್ತಿಕೆ ಕಡಿಮೆಯಾಯಿತೆಂದು ಯಾರೂ ಬೇಸರಿಸಬೇಕಾಗಿಲ್ಲ. ಗುಡ್ಡಗಾಡಿನ ಅಂಚಿನ, ಸದಾ ಹೊಡೆದಾಟದ ಸೀಮೆಯನ್ನು ದಶಕಗಳ ಕಾಲ ಹಿಡಿದಿಡುವುದು ರಾಜಧಾನಿಯಲ್ಲಿ ಕೂತು ಆಜ್ಞೆ ಬರೆಸುವುದಕ್ಕಿಂತ ಕಷ್ಟದ ಕೆಲಸ.

ಶಬರರ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಅವರು ಆ ಬೆಟ್ಟಗಳ ಮೂಲನಿವಾಸಿಗಳು. ಪುರಿಯ ಜಗನ್ನಾಥನನ್ನು ಮೊದಲು ಪೂಜಿಸಿದವರು ಶಬರರೇ ಎಂದು ಒಡಿಶಾದ ಸ್ಥಳಪುರಾಣ ಹೇಳುತ್ತದೆ. ಅವರ ವಂಶದವರೆನ್ನಲಾದ ದೈತಾಪತಿಗಳಿಗೆ ರಥಯಾತ್ರೆಯ ಕಾಲದಲ್ಲಿ ಇಂದಿಗೂ ವಿಶೇಷ ಸೇವೆಯ ಹಕ್ಕಿದೆ. ಒಂದು ಕ್ಷೇತ್ರದಲ್ಲಿ ದೇವರ ನೆಂಟರು, ಇನ್ನೊಂದು ಕ್ಷೇತ್ರದ ಶಾಸನದಲ್ಲಿ ಶತ್ರುಗಳು. ಅವರು ಏಕೆ ಇಳಿದು ಬಂದರು, ಯಾವ ಜಮೀನಿಗಾಗಿ, ಎಂದು ಅವರ ಕಡೆಯಿಂದ ಹೇಳುವ ಕಂಬ ಇಲ್ಲ. ಕತ್ತಿ ಹಿಡಿದ ಯತಿಯ ವಿಷಯ ಓದಿ ಹೆಮ್ಮೆಪಡುವಾಗ ನನಗೆ ಈ ಮುಳ್ಳು ಚುಚ್ಚುತ್ತಲೇ ಇರುತ್ತದೆ. ಬರ್ನೆಲ್ ಚಾನ್ಸೆಲರ್ ಆಗಿದ್ದಾಗಲೇ, 1290ರಲ್ಲಿ, ಇಂಗ್ಲೆಂಡಿನ ಯಹೂದಿಗಳನ್ನೆಲ್ಲ ದೇಶದಿಂದ ಹೊರಹಾಕಲಾಯಿತು. ಅಧಿಕಾರದ ಮುದ್ರೆ ಹಿಡಿದ ಕೈಗೆ ಎಲ್ಲ ಬಗೆಯ ಕಾಗದಗಳೂ ಬರುತ್ತವೆ. ಕಾವಿ ಉಟ್ಟಿದ್ದರೂ, ಶಿಲುಬೆ ಧರಿಸಿದ್ದರೂ.

ಶಾಸನದಿಂದ ಇನ್ನೊಂದು ದೊಡ್ಡ ಉಪಕಾರವಾಯಿತು. ಮಧ್ವಾಚಾರ್ಯರ ಕಾಲದ ಬಗ್ಗೆ ಬಹಳ ದಿನ ಜಗಳವಿತ್ತು. ಮಠಗಳ ಕೆಲವು ಹಳೆಯ ಪಟ್ಟಿಗಳು ಅವರನ್ನು ಹನ್ನೆರಡನೆಯ ಶತಮಾನಕ್ಕೆ ಒಯ್ಯುತ್ತವೆ. ಮಹಾಭಾರತ ತಾತ್ಪರ್ಯನಿರ್ಣಯದ ಒಂದು ಮಾತಿನಿಂದ 1199 ಎಂದು ಲೆಕ್ಕ ಹಾಕಿದವರೂ ಇದ್ದಾರೆ. ಆದರೆ ನೇರ ಶಿಷ್ಯರೊಬ್ಬರು 1281ರಲ್ಲಿ ಕತ್ತಿ ಹಿಡಿದು ಓಡಾಡುತ್ತಿದ್ದರೆ, ಗುರು ಹನ್ನೆರಡನೆಯ ಶತಮಾನದಲ್ಲೇ ಕಣ್ಮರೆಯಾಗಿರಲು ಹೇಗೆ ಸಾಧ್ಯ? ಇಂದು ಹೆಚ್ಚಿನ ವಿದ್ವಾಂಸರು ಒಪ್ಪುವ 1238ರಿಂದ 1317 ಎಂಬ ಕಾಲನಿರ್ಣಯಕ್ಕೆ ಈ ಶಾಸನಗಳ ಬೆಂಬಲ ಬಹಳ ದೊಡ್ಡದು. ಉಡುಪಿಯ ಗುರುಗಳ ವಯಸ್ಸನ್ನು ತಿಳಿಯಲು ಸಾವಿರ ಕಿಲೋಮೀಟರಿಗೂ ಆಚೆ, ಇನ್ನೊಂದು ಕಡಲ ತೀರದ ಕಂಬವನ್ನು ಕೇಳಬೇಕಾಯಿತು!

ಕಳಿಂಗಕ್ಕೂ ನಮಗೂ ಅದು ಮೊದಲ ನಂಟೇನಲ್ಲ. ಆ ಪೂರ್ವ ಗಂಗರ ತಾಮ್ರಶಾಸನಗಳು ತಮ್ಮ ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ ಒಯ್ಯುತ್ತವೆ. ಅದು ನಮ್ಮ ಕೋಲಾರವೆಂದು ಬಲ್ಲವರು ಹೇಳುತ್ತಾರೆ. ಅಂದರೆ ಕೋಲಾರದ ಹೆಸರು ಹೇಳಿಕೊಂಡು ಕಳಿಂಗವನ್ನಾಳಿದ ರಾಜರ ಹತ್ತಿರ ಉಡುಪಿಯ ಗುರುವಿನ ಶಿಷ್ಯ ಮಂತ್ರಿಯಾಗಿದ್ದ.

ಇನ್ನು ಪ್ರತಿಮೆಗಳು. ಭಂಡಾರದಿಂದ ಮೂಲರಾಮ, ಸೀತೆಯರನ್ನು ಪಡೆದು ತಂದದ್ದು, ಮಧ್ವರು ಅವನ್ನು ಎಂಬತ್ತು ದಿನ ಪೂಜಿಸಿ ಪದ್ಮನಾಭ ತೀರ್ಥರಿಗೆ ಕೊಟ್ಟದ್ದು, ಇದಕ್ಕೆ ಪರಂಪರೆಯೇ ಆಧಾರ. ಆ ಪ್ರತಿಮೆಗಳು ಇಂದು ಯಾವ ಮಠದಲ್ಲಿವೆ ಎಂಬ ವಿಷಯಕ್ಕೆ ನಾನು ಸರ್ವಥಾ ಕೈಹಾಕುವುದಿಲ್ಲ. ನಮ್ಮ ಸಂಘದಲ್ಲಿ ಬೇರೆ ಬೇರೆ ಮಠದವರಿದ್ದಾರೆ, ಎಲ್ಲರ ಮನೆಯಲ್ಲೂ ನನಗೆ ಊಟವಾಗಬೇಕು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ರಾಜ್ಯವಾಳಿದ ಯತಿಯ ಕಥೆಯನ್ನು ಏಳು ಶತಮಾನ ಹೇಳಿಕೊಂಡು ಬಂದ ಜನ, ಅವರಿಗೆ ಊರು ಉಂಬಳಿ ಸಿಕ್ಕಿತೆಂದು ಹೇಳಲಿಲ್ಲ. ಭಂಡಾರದ ಬಾಗಿಲು ತೆರೆದಿದ್ದಾಗ ಅವರು ಎರಡು ಚಿಕ್ಕ ಪ್ರತಿಮೆಗಳನ್ನಷ್ಟೇ ಕೇಳಿದರೆಂದು ಹೇಳಿದರು. ಇತ್ತ ಬರ್ನೆಲ್‌ನ ಎಂಬತ್ತು ಊರುಗಳಿಗೆ ಸರಕಾರಿ ದಾಖಲೆಯೇ ಇದೆ. ದಾಖಲೆಯನ್ನೂ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂದು ನನಗೆ ಗೊತ್ತು. ಆದರೂ ಒಂದು ಸಮಾಜ ತನ್ನ ಮಂತ್ರಿ-ಸನ್ಯಾಸಿಯಿಂದ ಏನನ್ನು ನಿರೀಕ್ಷಿಸಿತು ಎಂಬುದನ್ನು ಆ ಕಥೆ ಕರಾರುವಾಕ್ಕಾಗಿ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಅದೇ ನಿರೀಕ್ಷೆ ಪೋಪ್ ಬರೆದ ನಿರಾಕರಣೆಯಾಗಿ ಬಂತು.

ಮಧ್ವರ ನಂತರ 1317ರಿಂದ 1324ರವರೆಗೆ ಪದ್ಮನಾಭ ತೀರ್ಥರು, ಅವರ ನಂತರ 1333ರವರೆಗೆ ನರಹರಿ ತೀರ್ಥರು ಪೀಠದಲ್ಲಿದ್ದರೆಂದು ಪರಂಪರೆಯ ಲೆಕ್ಕ. 1260ರ ದಶಕದಲ್ಲೇ ಹೆಸರು ಮಾಡಿದವರೆಂದರೆ ಪೀಠಕ್ಕೆ ಬರುವಾಗ ಎಂಬತ್ತರ ಆಸುಪಾಸು, ವೃಂದಾವನಸ್ಥರಾಗುವಾಗ ತೊಂಬತ್ತರ ಹತ್ತಿರ ಇರಬೇಕು. ಕಾನ್ಸರ್ಟ್ ಹಾಲಿನ ಮೆಟ್ಟಿಲು ಹತ್ತಲು ಲಿಫ್ಟ್ ಹುಡುಕುವ ನಮ್ಮಂಥವರಿಗೆ ಇದು ನಂಬಲು ಕಷ್ಟ. ಆದರೆ ಮಿತವಾಗಿ ಉಂಡು, ಮೈಲುಗಟ್ಟಲೆ ನಡೆದವರ ವಿಷಯದಲ್ಲಿ ವೈದ್ಯನಾಗಿ ನಾನು ಅಸಾಧ್ಯವೆನ್ನಲಾರೆ. ಮಧ್ವರ ಗೀತಾಭಾಷ್ಯಕ್ಕೆ ಅವರು ಬರೆದ ಭಾವಪ್ರಕಾಶಿಕಾ ಎಂಬ ಟೀಕೆ ಉಳಿದಿದೆ. ಅರ್ಜುನನಿಗೆ ಬಿಲ್ಲು ಕೆಳಗಿಡಬೇಡ ಎಂದು ಹೇಳಿದ ಗ್ರಂಥವನ್ನು ಈ ಮನುಷ್ಯ ಯಾವ ಮನಸ್ಸಿನಿಂದ ಓದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮಂಥ ಪರದೇಶದ ಕನ್ನಡಿಗರಿಗೆ ಅವರ ವಿಷಯದಲ್ಲಿ ಇನ್ನೂ ಒಂದು ಸಂತೋಷವಿದೆ. ಕನ್ನಡದಲ್ಲಿ ದೇವರ ನಾಮಗಳನ್ನು ರಚಿಸಿದ ಹರಿದಾಸರ ಪಟ್ಟಿಯನ್ನು ಪರಂಪರೆ ನರಹರಿ ತೀರ್ಥರಿಂದಲೇ ಶುರುಮಾಡುತ್ತದೆ. ಅವರದೆಂದು ಹೇಳುವ ಹಾಡುಗಳು ಬೆರಳೆಣಿಕೆಯಷ್ಟು. ಶ್ರೀಪಾದರಾಜರು ಬಂದದ್ದು ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ವ್ಯಾಸರಾಯರು, ಪುರಂದರದಾಸರು, ಕನಕದಾಸರು ಇನ್ನೂ ಆಮೇಲೆ. ಸಾಲಿನ ಮೊದಲಿಗೆ ನಿಂತವರು ಕಳಿಂಗದವರು, ಕನ್ನಡ ಅವರ ಹುಟ್ಟುನುಡಿಯಲ್ಲ. ಅರ್ಧ ಆಯುಷ್ಯ ಕಳಿಂಗದ ಆಡಳಿತದಲ್ಲಿ ಸವೆಸಿದವರು ದೇವರ ಮುಂದೆ ಹಾಡಲು ನಮ್ಮ ಭಾಷೆ ಕಲಿತರು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಪುರುಸೊತ್ತಿಲ್ಲ ಎನ್ನುವವರಿಗೆ ಅಂದು ಕಾಫಿಯ ಹೊತ್ತಿನಲ್ಲಿ ನಾನು ಇದನ್ನೇ ಹೇಳಿದೆ. ಯಾರೂ ಮರುಮಾತಾಡಲಿಲ್ಲ, ಮನೆಯಾಕೆ ಇನ್ನೊಂದು ಲೋಟ ಕಾಫಿ ತಂದರು.

ರಜೆಗೆ ಊರಿಗೆ ಹೋಗುವವರು ಹಂಪಿಯಲ್ಲಿ ಚಕ್ರತೀರ್ಥದ ಕಡೆ ಇಳಿದರೆ ತುಂಗಭದ್ರೆಯ ಮಡಿಲಲ್ಲಿ ನರಹರಿ ತೀರ್ಥರ ವೃಂದಾವನ ನೋಡಬಹುದು. ಪದ್ಮನಾಭ ತೀರ್ಥರದು ಆನೆಗೊಂದಿಯ ನವವೃಂದಾವನದಲ್ಲಿದೆ. 1333ರಲ್ಲಿ ಆ ಬಂಡೆಗಳ ನಡುವೆ ವಿಜಯನಗರವೆಂಬ ಪಟ್ಟಣವಿನ್ನೂ ಹುಟ್ಟಿರಲಿಲ್ಲ. ನದಿ ತುಂಬಿ ಹರಿಯುವಾಗ ಹತ್ತಿರ ಹೋಗಲಾಗುವುದಿಲ್ಲ, ಆದ್ದರಿಂದ ಜುಲೈ ಆಗಸ್ಟಿನಲ್ಲಿ ಹೋಗುವವರು ವಿಚಾರಿಸಿಕೊಂಡು ಹೋಗಬೇಕು. ವಿಶಾಖಪಟ್ಟಣದಲ್ಲಿ ನೆಂಟರಿರುವವರು ಸಿಂಹಾಚಲ ನೋಡಿಕೊಂಡು ಒಂದು ದಿನ ಶ್ರೀಕಾಕುಳಂವರೆಗೆ ಹೋಗಿಬನ್ನಿ. ಶ್ರೀಕೂರ್ಮದ ಮಂಟಪದಲ್ಲಿ ಕಂಬಗಳು ಸಾಲುಸಾಲಾಗಿವೆ. ಶಾಸನದ ಅಕ್ಷರಗಳು ಸಣ್ಣವು, ಒಂದು ಟಾರ್ಚ್ ಇಟ್ಟುಕೊಂಡಿರಿ.